ಆಫೀಸರಿಂದ ಎಂಡಿ ಕುರ್ಚಿಗೆ 34 ವರ್ಷ: ಬ್ಯಾಂಕಿನ ಏಣಿಯಲ್ಲಿ ಹೆಣ್ಮಕ್ಕಳು ಎಲ್ಲಿ ನಿಲ್ತಾರೆ?

(ಈ ವಾರದ ಸಂಚಿಕೆಯ ಬರಹ ರೂಪ)

ನಾನು ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವಳು. ಇವತ್ತಿನ ಮಾತು ಬ್ಯಾಂಕಿನ ಬಗ್ಗೆ. ಸಾಲ, ಬಡ್ಡಿ, ಇಎಂಐ ಬಗ್ಗೆ ಅಲ್ಲ, ಬ್ಯಾಂಕಿನ ಒಳಗೆ ಕೂತು ಕೆಲಸ ಮಾಡೋರ ಬಗ್ಗೆ.

1988ರಲ್ಲಿ ಒಬ್ಬ ಹೆಣ್ಣುಮಗಳು ವಿಜಯಾ ಬ್ಯಾಂಕಿಗೆ ಆಫೀಸರ್ ಆಗಿ ಸೇರಿದರು. 2022ರ ಜೂನ್‌ನಲ್ಲಿ ಅವರು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದ ವ್ಯವಸ್ಥಾಪಕ ನಿರ್ದೇಶಕಿ ಮತ್ತು ಸಿಇಒ ಆದರು. ಅಂದ್ರೆ ಎಂಡಿ. ಅವರ ಹೆಸರು ಎ. ಮಣಿಮೇಖಲೈ. ಯೂನಿಯನ್ ಬ್ಯಾಂಕ್ ಶುರುವಾಗಿದ್ದು 1919ರಲ್ಲಿ. ಆ ಕುರ್ಚಿಯಲ್ಲಿ ಒಬ್ಬ ಮಹಿಳೆ ಕೂರೋಕೆ ನೂರು ವರ್ಷದ ಮೇಲಾಯ್ತು.

ಸುದ್ದಿ ಬಂದ ದಿನ ನಾವೆಲ್ಲ ಫೋಟೋ ನೋಡಿ, ಲೈಕ್ ಒತ್ತಿ, ಮುಂದೆ ಹೋಗ್ತೀವಿ. ನನಗೆ ಕುತೂಹಲ ಇರೋದು ನಡುವಿನ ಆ 34 ವರ್ಷದ ಬಗ್ಗೆ. ಅಷ್ಟು ಉದ್ದದ ದಾರಿಯಲ್ಲಿ ಎಷ್ಟು ಮೆಟ್ಟಿಲು? ಎಲ್ಲಿ ಕಷ್ಟ? ಜೊತೆಗೆ ಏಣಿ ಹತ್ತಿದ ಉಳಿದ ಹೆಣ್ಮಕ್ಕಳು ಎಲ್ಲಿ ನಿಂತುಬಿಟ್ಟರು?

ಉತ್ತರದ ಸಾರ ಮೊದಲೇ ಹೇಳಿಬಿಡ್ತೀನಿ. ಬ್ಯಾಂಕಿನ ಏಣಿಯಲ್ಲಿ ಹೆಣ್ಮಕ್ಕಳಿಗೆ ಕಷ್ಟವಾಗೋದು ತುದಿಯ ಮೆಟ್ಟಿಲಲ್ಲ. ಕೆಳಗಿನ ಎರಡು ಮೂರು ಮೆಟ್ಟಿಲುಗಳು. ಅಲ್ಲಿ ಆಗೋ ನಷ್ಟದ ಲೆಕ್ಕ ಇಪ್ಪತ್ತು ವರ್ಷ ಆದಮೇಲೆ, ಬೋರ್ಡ್ ರೂಮಿನ ಖಾಲಿ ಕುರ್ಚಿಯಲ್ಲಿ ಕಾಣುತ್ತೆ. ಹೇಗೆ ಅಂತ ಈಗ ನೋಡೋಣ.

ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು

ಮಣಿಮೇಖಲೈ ಅವರ ವೃತ್ತಿಯ ದಾರಿ ನಮ್ಮ ರಾಜ್ಯದ ಬ್ಯಾಂಕುಗಳ ಚರಿತ್ರೆ ಜೊತೆಗೇ ಹೆಣೆದುಕೊಂಡಿದೆ. ಅವರು ಎಂಬಿಎ ಓದಿದ್ದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ. ಕೆಲಸ ಶುರು ಮಾಡಿದ ವಿಜಯಾ ಬ್ಯಾಂಕ್ ಹುಟ್ಟಿದ್ದು 1931ರಲ್ಲಿ, ಮಂಗಳೂರಲ್ಲಿ. ಎ.ಬಿ. ಶೆಟ್ಟಿ ಮತ್ತು ಅವರ ಜೊತೆಗಾರರು ಅದನ್ನ ಕಟ್ಟಿದ್ದು ಮುಖ್ಯವಾಗಿ ರೈತರಿಗೆ ಅನುಕೂಲ ಆಗಲಿ ಅಂತ. 2019ರಲ್ಲಿ ಅವರು ಕೆನರಾ ಬ್ಯಾಂಕಿನ ಎಕ್ಸಿಕ್ಯೂಟಿವ್ ಡೈರೆಕ್ಟರ್ ಆದರು. ಕೆನರಾ ಹುಟ್ಟಿದ್ದೂ ಮಂಗಳೂರಲ್ಲೇ, 1906ರಲ್ಲಿ. ಕೊನೆಗೆ ಹೋದ ಯೂನಿಯನ್ ಬ್ಯಾಂಕ್ ಮುಂಬೈಯದು. ಆದರೆ 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ನಮ್ಮ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಿಂದ ಅದರೊಳಗೇ ಸೇರಿಹೋಗಿದೆ.

ಈ ಕರಾವಳಿ ಬ್ಯಾಂಕುಗಳಿಗೆ ಹೆಣ್ಮಕ್ಕಳ ವಿಚಾರದಲ್ಲಿ ಒಂದು ಹಳೇ ಚರಿತ್ರೆ ಇದೆ. ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ಅದಕ್ಕೂ ಮೊದಲು, 1894ರಲ್ಲೇ, ಮಂಗಳೂರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಶಾಲೆ ಮೊದಲು, ಬ್ಯಾಂಕ್ ಆಮೇಲೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಉಳಿಸಿದ್ರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತಗೊಂಡು ಹೋಗ್ತಿದ್ರು. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸರ ಕೈಗೂ ಪಾಸ್‌ಬುಕ್ ಬಂತು. ನಮ್ಮ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಅಂಗಡಿ ಬೀದಿಗಳಲ್ಲಿ ಇವತ್ತಿಗೂ ಸಂಜೆ ‘ಪಿಗ್ಮಿ’ ಅಂತ ಬರೋರನ್ನ ನೀವು ನೋಡಿರ್ತೀರಿ, ಅದರ ಮೂಲ ಇದು.

1962ರಲ್ಲಿ ಇದೇ ಸಿಂಡಿಕೇಟ್ ಬ್ಯಾಂಕ್ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಯ ಶಾಖೆಯನ್ನೇ ತೆರೆಯಿತು. ಬ್ಯಾಂಕ್ ಅಂದ್ರೆ ಗಂಡಸರ ಆಫೀಸು ಅಂತಿದ್ದ ಕಾಲ ಅದು. ಕೌಂಟರಲ್ಲಿ ಕೂರೋಕೆ, ಕ್ಯಾಶ್ ಎಣಿಸೋಕೆ, ಲೆಡ್ಜರ್ ಬರೆಯೋಕೆ ಹೆಣ್ಮಕ್ಕಳಿಗೆ ಬರುತ್ತೋ ಇಲ್ವೋ ಅನ್ನೋ ಅನುಮಾನಕ್ಕೆ ಅಲ್ಲೇ ಉತ್ತರ ಸಿಕ್ಕಿಬಿಟ್ಟಿತ್ತು. ಹಾಗಿದ್ಮೇಲೆ ಮೇಲಕ್ಕೆ ಹೋಗೋಕೆ ಯಾಕಿಷ್ಟು ತಡ ಆಯ್ತು? ಅದು ಗೊತ್ತಾಗ್ಬೇಕಾದ್ರೆ ಏಣಿ ಹೇಗಿದೆ ಅಂತ ಮೊದಲು ನೋಡ್ಬೇಕು.

ಏಣಿಗೆ ಎಷ್ಟು ಮೆಟ್ಟಿಲು?

ಕಂದಾಯ ಇಲಾಖೆ ನಿಮಗೆಲ್ಲ ಗೊತ್ತು. ಗ್ರಾಮ ಆಡಳಿತಾಧಿಕಾರಿ, ಮೇಲೆ ಆರ್‌ಐ, ಅವರ ಮೇಲೆ ತಹಶೀಲ್ದಾರ್, ಆಮೇಲೆ ಎಸಿ, ಡಿಸಿ. ಸರ್ಕಾರಿ ಬ್ಯಾಂಕಿನಲ್ಲೂ ಹೀಗೇ ಒಂದು ಸಾಲು ಇದೆ. ಬ್ಯಾಂಕಿನೋರು ಅದನ್ನ ‘ಸ್ಕೇಲ್’ ಅಂತಾರೆ.

ಪ್ರೊಬೇಷನರಿ ಆಫೀಸರ್ ಆಗಿ ಸೇರಿದರೆ ಸ್ಕೇಲ್ 1, ಅಂದ್ರೆ ಅಸಿಸ್ಟೆಂಟ್ ಮ್ಯಾನೇಜರ್. ಸ್ಕೇಲ್ 2 ಮ್ಯಾನೇಜರ್. ಸ್ಕೇಲ್ 3 ಸೀನಿಯರ್ ಮ್ಯಾನೇಜರ್. ಸ್ಕೇಲ್ 4 ಚೀಫ್ ಮ್ಯಾನೇಜರ್. ಸ್ಕೇಲ್ 5 ಎಜಿಎಂ, 6 ಡಿಜಿಎಂ, 7 ಜನರಲ್ ಮ್ಯಾನೇಜರ್. ದೊಡ್ಡ ಬ್ಯಾಂಕುಗಳಲ್ಲಿ ಅದರ ಮೇಲೆ ಚೀಫ್ ಜನರಲ್ ಮ್ಯಾನೇಜರ್ ಅಂತ ಇನ್ನೊಂದು ಹುದ್ದೆಯೂ ಇದೆ. ಕ್ಲರ್ಕ್ ಆಗಿ ಸೇರಿದೋರು ಪರೀಕ್ಷೆ ಬರೆದು, ಇಂಟರ್‌ವ್ಯೂ ಮುಗಿಸಿ ಸ್ಕೇಲ್ 1ಕ್ಕೆ ಬರಬೇಕು.

ಇಲ್ಲಿವರೆಗೆ ಬಡ್ತಿ ಕೊಡೋದು ಬ್ಯಾಂಕೇ. ಇದರಿಂದಾಚೆಗಿನ ಎರಡು ಕುರ್ಚಿ, ಎಕ್ಸಿಕ್ಯೂಟಿವ್ ಡೈರೆಕ್ಟರ್ ಮತ್ತು ಎಂಡಿ, ಬ್ಯಾಂಕಿನ ಕೈಲಿಲ್ಲ. ಹೆಸರು ಸೂಚಿಸೋಕೆ ಒಂದು ಪ್ರತ್ಯೇಕ ಮಂಡಳಿ ಇದೆ. 2016ರಿಂದ ಅದಕ್ಕೆ ಬ್ಯಾಂಕ್ಸ್ ಬೋರ್ಡ್ ಬ್ಯೂರೋ ಅಂತ ಹೆಸರಿತ್ತು. 2022ರ ಜುಲೈನಿಂದ ಅದರ ಜಾಗಕ್ಕೆ ಎಫ್‌ಎಸ್‌ಐಬಿ ಬಂತು. ಬೇರೆ ಬೇರೆ ಬ್ಯಾಂಕುಗಳ ಹಿರಿಯ ಅಧಿಕಾರಿಗಳನ್ನ ಕರೆಸಿ ಇಂಟರ್‌ವ್ಯೂ ಮಾಡ್ತಾರೆ. ಅವರು ಸೂಚಿಸಿದ ಹೆಸರಿಗೆ ಪ್ರಧಾನಿ ಅಧ್ಯಕ್ಷತೆಯ ಸಂಪುಟ ಸಮಿತಿ ಒಪ್ಪಿಗೆ ಕೊಟ್ಟರೆ ಆದೇಶ ಬರುತ್ತೆ. ಹಾಗಾಗೇ ವಿಜಯಾ ಬ್ಯಾಂಕಿನೋರು ಕೆನರಾಕ್ಕೆ, ಅಲ್ಲಿಂದ ಯೂನಿಯನ್ ಬ್ಯಾಂಕಿಗೆ ಹೋಗೋಕೆ ಸಾಧ್ಯ ಆಗಿದ್ದು.

ಈಗ ಗಡಿಯಾರದ ಕಡೆ ನೋಡಿ. ಸರ್ಕಾರಿ ಬ್ಯಾಂಕಿನಲ್ಲಿ 60ಕ್ಕೆ ನಿವೃತ್ತಿ. ಎಂಡಿ ಕುರ್ಚಿಗೂ ಅಷ್ಟೇ. ಮೇಲಿನ ಹುದ್ದೆಗಳಿಗೆ ಆರಿಸುವಾಗ ‘ಇವರಿಗೆ ಇನ್ನೆಷ್ಟು ವರ್ಷ ಸರ್ವೀಸ್ ಉಳಿದಿದೆ’ ಅನ್ನೋದನ್ನೂ ನೋಡ್ತಾರೆ. ಆರು ತಿಂಗಳಲ್ಲಿ ಮನೆಗೆ ಹೋಗೋರನ್ನ ತಂದು ಕೂರಿಸಲ್ಲ.

ಒಂದು ಅಂದಾಜು ಲೆಕ್ಕ ಹಾಕೋಣ. ಒಬ್ಬ ಹುಡುಗಿ 24ಕ್ಕೆ ಆಫೀಸರ್ ಆಗಿ ಸೇರ್ತಾಳೆ. ಸ್ಕೇಲ್ 1ರಿಂದ 7ಕ್ಕೆ ಆರು ಬಡ್ತಿ. ಒಂದೊಂದಕ್ಕೆ ಸರಾಸರಿ ನಾಲ್ಕು ವರ್ಷ ಅಂದ್ಕೊಳ್ಳಿ. 48ಕ್ಕೆ ಜನರಲ್ ಮ್ಯಾನೇಜರ್ ಆಗ್ತಾಳೆ. ಮುಂದಿನ ಎರಡು ಕುರ್ಚಿಗೆ ಇನ್ನೂ 12 ವರ್ಷ ಕೈಲಿದೆ. ಈಗ ಅದೇ ಹುಡುಗಿ ನಡುವೆ ಎರಡು ಸಲ ಬಡ್ತಿ ಬೇಡ ಅಂದಳು, ಒಂದೊಂದರಲ್ಲೂ ಮೂರು ವರ್ಷ ಹಿಂದೆ ಬಿದ್ದಳು ಅಂತಿಟ್ಕೊಳ್ಳಿ. ಜನರಲ್ ಮ್ಯಾನೇಜರ್ ಆಗುವಷ್ಟರಲ್ಲಿ 54. ಎಕ್ಸಿಕ್ಯೂಟಿವ್ ಡೈರೆಕ್ಟರ್ ಆಗಿ ಮೂರು ನಾಲ್ಕು ವರ್ಷ ಕಳೆಯೋ ಹೊತ್ತಿಗೆ ನಿವೃತ್ತಿಯ ಕೇಕ್ ರೆಡಿ. ಬುದ್ಧಿಯಲ್ಲಿ, ದುಡಿಮೆಯಲ್ಲಿ ಏನೂ ಕಮ್ಮಿ ಇರಲಿಲ್ಲ. ಆರು ವರ್ಷ ಕಮ್ಮಿ ಇತ್ತು, ಅಷ್ಟೇ.

ಮೇಲೆ ಹೋದವರ ಲೆಕ್ಕ ನೋಡಿದ್ರೂ ಇದೇ ಕಾಣೋದು. ಅರುಂಧತಿ ಭಟ್ಟಾಚಾರ್ಯ ಎಸ್‌ಬಿಐಗೆ ಸೇರಿದ್ದು 1977ರಲ್ಲಿ, ಅಧ್ಯಕ್ಷೆ ಆಗಿದ್ದು 2013ರಲ್ಲಿ. 36 ವರ್ಷ. ಮಣಿಮೇಖಲೈ, 34 ವರ್ಷ. ಈ ಆಟದಲ್ಲಿ ಅಡ್ಡದಾರಿ ಇಲ್ಲ. ನಡುವೆ ನಿಂತು ಸುಧಾರಿಸ್ಕೊಳ್ಳೋಕೂ ಜಾಗ ಬಹಳ ಕಮ್ಮಿ.

“ಬರೆದ್ರೆ ಪಾಸಾಗ್ತೀನಿ ಕಣೇ, ಅದೇ ಭಯ”

ಹಾಗಾದ್ರೆ ಯಾರಾದ್ರೂ ಬಡ್ತಿ ಯಾಕೆ ಬೇಡ ಅಂತಾರೆ? ಸಂಬಳ ಜಾಸ್ತಿ, ಮರ್ಯಾದೆ ಜಾಸ್ತಿ. ಇಲ್ಲಿ ನಮ್ಮ ಮನೆಯ ವಿಚಾರ ಒಂದು ಹೇಳ್ತೀನಿ.

ನಮ್ಮ ಚಿಕ್ಕಮ್ಮ ಒಬ್ಬರು ಬ್ಯಾಂಕ್ ಕ್ಲರ್ಕ್. ಯಾವ ಬ್ಯಾಂಕು, ಯಾವ ಶಾಖೆ ಅನ್ನೋದು ಬೇಡ. ಲೆಕ್ಕದಲ್ಲಿ ಚುರುಕು. ಶಾಖೆಯಲ್ಲಿ ಯಾವ ಕಡತ ಯಾವ ಬೀರುವಲ್ಲಿದೆ ಅಂತ ಕಣ್ಮುಚ್ಚಿ ಹೇಳ್ತಾರೆ. ಹೊಸದಾಗಿ ಬರೋ ಆಫೀಸರುಗಳಿಗೆ ಪಹಣಿ ಓದೋದು, ಒಡವೆ ಸಾಲದ ಪುಸ್ತಕ ಬರೆಯೋದು ಕಲಿಸೋದೇ ಅವರು. ಹಾಗೆ ಅವರ ಹತ್ರ ಕೆಲಸ ಕಲಿತ ಒಬ್ಬ ಹುಡುಗ ಈಗ ಬೇರೆ ಊರಲ್ಲಿ ಮ್ಯಾನೇಜರು.

ಚಿಕ್ಕಮ್ಮ ಎರಡು ಸಲ ಬಡ್ತಿ ಪರೀಕ್ಷೆಗೆ ಅರ್ಜಿನೇ ಹಾಕ್ಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು.

“ಬರೆದ್ರೆ ಪಾಸಾಗ್ತೀನಿ ಕಣೇ, ಅದೇ ಭಯ. ಪಾಸಾದ್ಮೇಲೆ ಎಲ್ಲಿಗೆ ಹಾಕ್ತಾರೋ ಯಾರಿಗ್ಗೊತ್ತು? ಅತ್ತೆಗೆ ಮಂಡಿ ನೋವು, ಎದ್ದು ಓಡಾಡಕ್ಕಾಗಲ್ಲ. ನಿಮ್ಮ ಚಿಕ್ಕಪ್ಪ ಹೊಗೆಸೊಪ್ಪು ಬಿಟ್ಟು ಎಲ್ಲಿಗೂ ಬರಲ್ಲ. ಮಗಳು ಎಸ್ಸೆಸ್ಸೆಲ್ಸಿ. ನಾನು ಪೆಟ್ಟಿಗೆ ಕಟ್ಕೊಂಡು ಹೋದ್ರೆ ಮನೆ ನೋಡೋರ್ಯಾರು?”

ಆ ಮಾತಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸೊಪ್ಪಿನ ಲೆಕ್ಕ ಹೇಳಿದ ಹಾಗೆ ಹೇಳಿದ್ರು. ನನಗೆ ಅದೇ ಹೆಚ್ಚು ತಾಗಿತು.

ಇದರ ಹಿಂದಿನ ನಿಯಮ ಹೀಗಿದೆ. ಕ್ಲರ್ಕ್ ಆಗಿದ್ದರೆ ಹೆಚ್ಚಾಗಿ ಸುತ್ತಮುತ್ತಲ ಊರಲ್ಲೇ ಇರಬಹುದು. ಆಫೀಸರ್ ಆದ ದಿನದಿಂದ ದೇಶದಲ್ಲಿ ಎಲ್ಲಿಗೆ ಬೇಕಾದ್ರೂ ವರ್ಗಾವಣೆ ಮಾಡಬಹುದು. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಜಾಗ ಬದಲು. ಹಲವು ಬ್ಯಾಂಕುಗಳಲ್ಲಿ ಮೇಲಿನ ಸ್ಕೇಲ್‌ಗೆ ಹೋಗೋಕೆ ಹಳ್ಳಿ ಶಾಖೆಯಲ್ಲಿ ಇಂತಿಷ್ಟು ವರ್ಷ ಕೆಲಸ ಮಾಡಿರಲೇಬೇಕು. ಬಂದ ಬಡ್ತಿ ಬೇಡ ಅಂದ್ರೆ ಮುಂದೆ ಕೆಲವು ವರ್ಷ ಕೇಳೋ ಹಾಗೂ ಇಲ್ಲ.

ನಿಯಮದಲ್ಲಿ ಎಲ್ಲೂ ಗಂಡು, ಹೆಣ್ಣು ಅಂತ ಬರೆದಿಲ್ಲ. ಇಬ್ಬರಿಗೂ ಒಂದೇ. ಆದರೆ ಅದೇ ವರ್ಗಾವಣೆ ಪತ್ರ ಗಂಡಸಿನ ಮನೆಗೆ ಬಂದ್ರೆ “ಹೋಗಿ ಬನ್ನಿ, ಇಲ್ಲಿದು ನಾವು ನೋಡ್ಕೋತೀವಿ” ಅಂತಾರೆ. ಹೆಂಗಸಿಗೆ ಬಂದ್ರೆ ಮನೆಮಂದಿಯೆಲ್ಲ ಹಜಾರದಲ್ಲಿ ಕೂತು ಪಂಚಾಯ್ತಿ ಮಾಡ್ತಾರೆ. ಗಮನಿಸಿ, ಈ ಪತ್ರ ಬರೋ ವಯಸ್ಸು ಯಾವುದು? 28ರಿಂದ 40. ಮದುವೆ, ಬಾಣಂತನ, ಮಕ್ಕಳ ಸ್ಕೂಲು, ಅತ್ತೆ ಮಾವನ ಆಸ್ಪತ್ರೆ, ಎಲ್ಲ ಒಟ್ಟಿಗೆ ಬರೋ ವಯಸ್ಸೂ ಅದೇ. ಬ್ಯಾಂಕಿನ ಕ್ಯಾಲೆಂಡರು, ಮನೆಯ ಕ್ಯಾಲೆಂಡರು ಎರಡೂ ಒಂದೇ ತಾರೀಕಿನಲ್ಲಿ ಬಂದು ಡಿಕ್ಕಿ ಹೊಡೆಯುತ್ತೆ.

ಐದಿತ್ತು, ಒಂದಾಯ್ತು, ಸೊನ್ನೆ ಆಯ್ತು

ಈಗ ಸ್ವಲ್ಪ ದೊಡ್ಡ ಚಿತ್ರ ನೋಡೋಣ. 2013ರ ನವೆಂಬರ್‌ನಲ್ಲಿ ಸರ್ಕಾರಿ ವಲಯದ ಐದು ಬ್ಯಾಂಕುಗಳ ಚುಕ್ಕಾಣಿ ಒಟ್ಟಿಗೇ ಮಹಿಳೆಯರ ಕೈಲಿತ್ತು. ಎಸ್‌ಬಿಐನಲ್ಲಿ ಅರುಂಧತಿ ಭಟ್ಟಾಚಾರ್ಯ, ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಜಯಲಕ್ಷ್ಮಿ ಅಯ್ಯರ್, ಅಲಹಾಬಾದ್ ಬ್ಯಾಂಕಲ್ಲಿ ಶುಭಲಕ್ಷ್ಮಿ ಪಾನ್ಸೆ, ಯುನೈಟೆಡ್ ಬ್ಯಾಂಕಲ್ಲಿ ಅರ್ಚನಾ ಭಾರ್ಗವ, ಆಗತಾನೇ ಶುರುವಾದ ಭಾರತೀಯ ಮಹಿಳಾ ಬ್ಯಾಂಕಲ್ಲಿ ಉಷಾ ಅನಂತಸುಬ್ರಮಣಿಯನ್. ಅದೇ ಹೊತ್ತಿಗೆ ಖಾಸಗಿಯ ಐಸಿಐಸಿಐ ಮತ್ತು ಆಕ್ಸಿಸ್ ಬ್ಯಾಂಕುಗಳಲ್ಲೂ ಮಹಿಳೆಯರೇ ಇದ್ರು. ಪತ್ರಿಕೆಗಳಲ್ಲಿ ‘ಇನ್ನು ಹಿಂತಿರುಗಿ ನೋಡೋ ಹಾಗಿಲ್ಲ’ ಅನ್ನೋ ಧಾಟಿಯ ಬರಹಗಳು ಬಂದವು.

ಒಂಬತ್ತು ವರ್ಷ ಕಳೆದು ಮಣಿಮೇಖಲೈ ಎಂಡಿ ಆದಾಗ ಸರ್ಕಾರಿ ಬ್ಯಾಂಕುಗಳ ಎಂಡಿಗಳ ಸಾಲಿನಲ್ಲಿ ಅವರು ಒಬ್ಬರೇ ಮಹಿಳೆ. 2025ರ ಜೂನ್‌ನಲ್ಲಿ ಅವರ ಮೂರು ವರ್ಷದ ಅವಧಿ ಮುಗಿಯಿತು. ಆಗ 12 ಸರ್ಕಾರಿ ಬ್ಯಾಂಕುಗಳಲ್ಲಿ ಒಂದರ ತುದಿಯಲ್ಲೂ ಮಹಿಳೆ ಇರಲಿಲ್ಲ.

ಐದರಿಂದ ಒಂದು, ಒಂದರಿಂದ ಸೊನ್ನೆ. ಹೀಗ್ಯಾಕಾಯ್ತು? ಬ್ಯಾಂಕುಗಳ ವಿಲೀನದಿಂದ ಕುರ್ಚಿಗಳೇ ಕಮ್ಮಿ ಆದವು, ಅದೊಂದು. ಇನ್ನೊಂದು ಕಾರಣ ಇನ್ನೂ ಆಳದಲ್ಲಿದೆ, ಅದು ನೇಮಕಾತಿ ನಡೆದ ವರ್ಷಗಳದ್ದು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ ಆಯ್ತು. ಹಳ್ಳಿ ಹಳ್ಳಿಗೂ ಶಾಖೆ ಬಂತು, ಪರೀಕ್ಷೆ ಬರೆಸಿ ದೊಡ್ಡ ಮಟ್ಟದಲ್ಲಿ ಜನರನ್ನ ತಗೊಂಡ್ರು. ಶಿಫಾರಸು ಬೇಡ, ಅಂಕ ಇದ್ರೆ ಸಾಕು ಅಂತ ಆದಾಗ ಹೆಣ್ಮಕ್ಕಳೂ ಬಂದ್ರು. 1970ರ ದಶಕದಲ್ಲಿ ಸೇರಿದ ಆ ಪೀಳಿಗೆಯೇ 2013ರ ಹೊತ್ತಿಗೆ ತುದಿ ಮುಟ್ಟಿದ್ದು. 1990ರ ದಶಕದಲ್ಲಿ ಕಂಪ್ಯೂಟರ್ ಬಂತು, ನೇಮಕಾತಿ ಸೊರಗಿತು. 2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ತಂದು ಲಕ್ಷದ ಆಸುಪಾಸು ಜನರನ್ನ ಮನೆಗೆ ಕಳಿಸಿದರು. ಆ ಬರಗಾಲದಲ್ಲಿ ಬಿತ್ತನೆ ಕಮ್ಮಿ ಆಗಿದ್ದಕ್ಕೆ ಈಗ ಫಸಲೂ ಕಮ್ಮಿ.

ಆಮೇಲೆ ಮತ್ತೆ ಮಳೆ ಬಂತು ಅನ್ನಿ. 2011ರಿಂದ ಐಬಿಪಿಎಸ್‌ನ ಸಾಮಾನ್ಯ ಪರೀಕ್ಷೆ ಶುರುವಾಯ್ತು. ಸಾವಿರಾರು ಹೆಣ್ಮಕ್ಕಳು ಆಫೀಸರುಗಳಾಗಿ ಬಂದ್ರು. ಆಗ 23-24 ಇದ್ದವರಿಗೆ ಈಗ 37-38ರ ಆಸುಪಾಸು. ಇವತ್ತು ಏಣಿಯ ಕೆಳಗಿನ, ನಡುವಿನ ಮೆಟ್ಟಿಲುಗಳ ಮೇಲೆ ನಿಂತಿರೋರು ಅವರೇ. ವರ್ಗಾವಣೆ ಪತ್ರ ಹಿಡ್ಕೊಂಡು ಮನೆಯ ಹಜಾರದಲ್ಲಿ ಕೂತಿರೋರೂ ಅವರೇ. ಇವರಲ್ಲಿ ಎಷ್ಟು ಜನ ‘ಹೂಂ’ ಅಂತಾರೆ, ಎಷ್ಟು ಜನ ‘ಬೇಡ’ ಅಂತಾರೆ ಅನ್ನೋದರ ಮೇಲೆ 2040ರ ಎಂಡಿ ಕುರ್ಚಿಗಳ ಲೆಕ್ಕ ಈಗಲೇ ನಿಂತಿದೆ.

ಊರ ಹತ್ರ ಇದ್ದರೆ ಸಾಕಾ?

ಸರ್ಕಾರ, ಬ್ಯಾಂಕುಗಳು ಏನೂ ಮಾಡಿಲ್ಲ ಅಂತಲ್ಲ. 2014ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಸರ್ಕಾರಿ ಬ್ಯಾಂಕುಗಳಿಗೆ ಒಂದು ಸೂಚನೆ ಕೊಟ್ಟಿತು. ಮದುವೆ ಆದ ಮಹಿಳಾ ಸಿಬ್ಬಂದಿ ಕೇಳಿಕೊಂಡರೆ ಆದಷ್ಟು ಮಟ್ಟಿಗೆ ಗಂಡ ಇರೋ ಊರಿಗೆ, ಮದುವೆ ಆಗದವರನ್ನ ಅಪ್ಪ ಅಮ್ಮ ಇರೋ ಊರಿಗೆ, ಅಥವಾ ಅದರ ಹತ್ರಕ್ಕೆ ಹಾಕಿ ಅಂತ. ಅರುಂಧತಿ ಭಟ್ಟಾಚಾರ್ಯ ಅವರ ಕಾಲದಲ್ಲಿ ಎಸ್‌ಬಿಐ ಮಹಿಳೆಯರಿಗೆ ಮಕ್ಕಳು, ಹಿರಿಯರನ್ನ ನೋಡ್ಕೊಳ್ಳೋಕೆ ಎರಡು ವರ್ಷದವರೆಗೆ ರಜೆ ತಗೊಂಡು ಮತ್ತೆ ಕೆಲಸಕ್ಕೆ ಬರೋ ಅವಕಾಶ ಕೊಟ್ಟಿತು. 2017ರಲ್ಲಿ ಕಾನೂನಿನ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರ ಆಯ್ತು.

ಇದೆಲ್ಲ ಒಳ್ಳೇದೇ. ಎಷ್ಟೋ ಜನ ಕೆಲಸ ಬಿಡೋದು ತಪ್ಪಿದೆ. ಆದರೆ ಕೆಲಸದಲ್ಲಿ ಉಳಿಯೋದು ಬೇರೆ, ಮೇಲೆ ಹೋಗೋದು ಬೇರೆ.

ಮಣಿಮೇಖಲೈ ಅವರ ದಾರಿಯನ್ನೇ ನೋಡಿ. ಶಾಖೆಯ ಮುಖ್ಯಸ್ಥೆ, ಪ್ರಾದೇಶಿಕ ಮುಖ್ಯಸ್ಥೆ, ಆಮೇಲೆ ಪ್ರಧಾನ ಕಚೇರಿಯ ಬೇರೆ ಬೇರೆ ವಿಭಾಗಗಳ ಮುಖ್ಯಸ್ಥೆ. ಕೆನರಾದಲ್ಲಿ ಸಾಲ ವಸೂಲಿ, ಆಡಿಟ್, ಶಾಖೆಗಳ ಸಾಧನೆ, ಹಳ್ಳಿಗಳಿಗೆ ಬ್ಯಾಂಕಿಂಗ್ ಮುಟ್ಟಿಸೋ ಕೆಲಸ ಎಲ್ಲ ಅವರ ಉಸ್ತುವಾರಿಯಲ್ಲಿತ್ತು. ಅವರು ಅಲ್ಲಿದ್ದಾಗಲೇ 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಸೇರಿತು. ಇಂಟರ್‌ವ್ಯೂ ಮೇಜಿನ ಆ ಕಡೆ ಕೂತೋರು ಕೇಳೋದು ಇಂಥವನ್ನೇ. ಕೆಟ್ಟುಹೋದ ಸಾಲ ವಸೂಲಿ ಮಾಡಿದ್ದೀರಾ? ನೂರು ಶಾಖೆ ನಡೆಸಿದ್ದೀರಾ?

ಈಗ ಮನೆ ಹತ್ರ ಪೋಸ್ಟಿಂಗ್ ಸಿಕ್ಕ ಹುಡುಗಿ ಕಡೆ ಬನ್ನಿ. ಊರು ಹತ್ರ, ಖುಷಿ. ಆದರೆ ಆ ಹತ್ತಿರದ ಶಾಖೆಯಲ್ಲಿ ಅವಳಿಗೆ ಯಾವ ಮೇಜು ಕೊಡ್ತಾರೆ? “ಮೇಡಂಗೆ ಚಿಕ್ಕ ಮಗು ಇದೆ, ಸಾಲದ ವಿಭಾಗ ಬೇಡ, ತಪಾಸಣೆಗೆ ಹೊಲ ಮನೆ ಸುತ್ತಬೇಕಾಗುತ್ತೆ” ಅಂತ ಒಳ್ಳೇ ಮನಸ್ಸಿಂದಲೇ ಖಾತೆ ತೆರೆಯೋ ಮೇಜಿಗೆ, ಪಾಸಿಂಗ್ ಮೇಜಿಗೆ ಕೂರಿಸ್ತಾರೆ. ಹತ್ತು ವರ್ಷ ಆದಮೇಲೆ ಅವಳ ಸರ್ವೀಸಿನ ಪಟ್ಟಿಯಲ್ಲಿ ವರ್ಷಗಳಿರುತ್ತೆ, ಸಾಲದ ಅನುಭವ ಇರಲ್ಲ. ಕರುಣೆಯಿಂದ ಕೊಟ್ಟ ಆ ಮೇಜೇ ಕಣ್ಣಿಗೆ ಕಾಣದ ತಡೆಗೋಡೆ ಆಗಿರುತ್ತೆ.

ಹಾಗಂತ ಮಹಿಳೆಯರಿಗೇ ಬೇರೆ ಬ್ಯಾಂಕ್ ಕಟ್ಟಿದ್ರೆ? ಆ ಪ್ರಯೋಗವೂ ಆಯ್ತು. ಸಾವಿರ ಕೋಟಿ ರೂಪಾಯಿ ಬಂಡವಾಳ ಹಾಕಿ 2013ರ ನವೆಂಬರ್ 19ರಂದು ಭಾರತೀಯ ಮಹಿಳಾ ಬ್ಯಾಂಕ್ ಶುರು ಮಾಡಿದರು. ನಾಲ್ಕು ವರ್ಷ ತುಂಬೋ ಮೊದಲೇ, 2017ರ ಏಪ್ರಿಲ್ 1ರಂದು ಅದು ಎಸ್‌ಬಿಐಗೆ ಸೇರಿತು. ಅದೇ ದಿನ ನಮ್ಮ ಮೈಸೂರು ಬ್ಯಾಂಕೂ ಸೇರಿದ್ದು ನಿಮಗೆ ನೆನಪಿರಬಹುದು. ಪಕ್ಕದಲ್ಲಿ ಬೇರೆ ಏಣಿ ಇಟ್ಟರೆ ಮೊದಲಿದ್ದ ಏಣಿ ಸರಿ ಹೋಗಲ್ಲ. ಸರಿ ಮಾಡ್ಬೇಕಾದ್ದು ಆ ಮೊದಲ ಏಣಿಯನ್ನೇ.

ತುದಿಯಲ್ಲಿ ಮಹಿಳೆ ಇದ್ದರೆ ನಮಗೇನು ಲಾಭ?

ಇದು ನ್ಯಾಯವಾದ ಪ್ರಶ್ನೆ. ಮುಂಬೈನ ಕುರ್ಚಿಯಲ್ಲಿ ಯಾರು ಕೂತರೆ ರಾಮನಾಥಪುರದ ಹೊಗೆಸೊಪ್ಪು ಬೆಳೆಗಾರನಿಗೆ, ಕೊಣನೂರಿನ ಸ್ತ್ರೀಶಕ್ತಿ ಸಂಘಕ್ಕೆ ಏನಾಗ್ಬೇಕು?

ಅಂಕಿ ಅಂಶ ನೋಡಿ. ಮಣಿಮೇಖಲೈ ಬರೋ ಮೊದಲು, 2021-22ರಲ್ಲಿ, ಯೂನಿಯನ್ ಬ್ಯಾಂಕಿನ ನಿವ್ವಳ ಲಾಭ 5,232 ಕೋಟಿ ರೂಪಾಯಿ. 2024-25ರಲ್ಲಿ 17,987 ಕೋಟಿ. ಒಟ್ಟು ಸಾಲದಲ್ಲಿ ಎನ್‌ಪಿಎ, ಅಂದ್ರೆ ವಸೂಲಾಗದೆ ಬಾಕಿ ಬಿದ್ದ ಸಾಲದ ಪಾಲು, 2022ರ ಮಾರ್ಚ್‌ನಲ್ಲಿ ಶೇ 11.11 ಇತ್ತು. 2025ರ ಮಾರ್ಚ್‌ಗೆ ಶೇ 3.60ಕ್ಕೆ ಇಳಿಯಿತು. ಪೂರ್ತಿ ಶ್ರೇಯಸ್ಸು ಒಬ್ಬರಿಗೇ ಕೊಡೋಕಾಗಲ್ಲ. ಆ ಮೂರು ವರ್ಷ ಹೆಚ್ಚುಕಮ್ಮಿ ಎಲ್ಲ ಸರ್ಕಾರಿ ಬ್ಯಾಂಕುಗಳಿಗೂ ಒಳ್ಳೇ ಕಾಲ. ಆದರೆ ‘ದೊಡ್ಡ ಬ್ಯಾಂಕು, ಹೆಂಗಸಿನ ಕೈಲಿ ಆಗುತ್ತಾ’ ಅನ್ನೋರಿಗೆ ಈ ಅಂಕಿ ಸಾಕು.

ಇನ್ನು ನಮ್ಮ ಕೌಂಟರ್ ಕಡೆ ಬರೋಣ. ಮೇಲೆ ಮಹಿಳೆ ಕೂತ ಮಾತ್ರಕ್ಕೆ ಕೆಳಗಿನ ಕೌಂಟರಲ್ಲಿ ಮಾತು ಮೃದು ಆಗಲ್ಲ. ಅದು ಭ್ರಮೆ. ಬದಲಾಗೋದು ಬೇರೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ನಮ್ಮ ಕಡೆ ಎಷ್ಟೋ ಮನೆಗಳ ಯಜಮಾನಿಯರು ಮೊದಲ ಸಲ ತಾವೇ ಪಾಸ್‌ಬುಕ್ ಹಿಡ್ಕೊಂಡು ಬ್ಯಾಂಕಿಗೆ ಬಂದ್ರು. ಸಂಘದ ಸಾಲದ ಕಂತು ಕಟ್ಟೋಕೆ ಬರೋರೂ ಹೆಂಗಸರೇ. ಅವರಿಗೆ ಜಮೀನಿನ ಪಹಣಿ ಹೆಸರಲ್ಲಿ ಇರಲ್ಲ, ಜಾಮೀನು ಹಾಕೋರು ಸಿಗಲ್ಲ. ಅಂಥೋರಿಗೆ ಸಾಲ ಕೊಡೋದು ಹೇಗೆ, ಯಾವ ಕಾಗದ ಕೇಳ್ಬೇಕು ಅಂತ ತೀರ್ಮಾನ ಆಗೋದು ಪ್ರಧಾನ ಕಚೇರಿಯ ಮೇಜಿನ ಮೇಲೆ. ಆ ಮೇಜಿನ ಸುತ್ತ ಹಳ್ಳಿ ಶಾಖೆ ನೋಡಿದ ಹೆಣ್ಮಕ್ಕಳು ನಾಲ್ಕು ಜನ ಇದ್ದರೆ ಕೇಳೋ ಪ್ರಶ್ನೆ ಬದಲಾಗುತ್ತೆ. ಒಬ್ಬರು ಸಾಲದು. ಒಬ್ಬರಿದ್ದರೆ ಫೋಟೋ ಆಗುತ್ತೆ, ನಾಲ್ಕು ಜನ ಇದ್ದರೆ ನಿರ್ಧಾರ ಆಗುತ್ತೆ.

ಓದ್ತಿರೋರಿಗೆ, ಸೇರಿರೋರಿಗೆ

ಕೊನೇ ಭಾಗಕ್ಕೆ ಬಂದ್ವಿ. ಬ್ಯಾಂಕ್ ಪರೀಕ್ಷೆಗೆ ಓದ್ತಿರೋ ಕೇಳುಗರು ಬಹಳ ಜನ ಇದ್ದೀರಿ. ಕೆಲವು ವಿಷಯ ನೆನಪಿಟ್ಕೊಳ್ಳಿ.

ಆಫೀಸರ್ ಪರೀಕ್ಷೆಗೆ ವಯಸ್ಸು 20ರಿಂದ 30, ಕ್ಲರ್ಕ್ ಪರೀಕ್ಷೆಗೆ 20ರಿಂದ 28, ಮೀಸಲಾತಿ ಇರೋರಿಗೆ ಸಡಿಲಿಕೆ ಇದೆ. ಕ್ಲರ್ಕ್ ಪರೀಕ್ಷೆಯನ್ನ ಕನ್ನಡದಲ್ಲೂ ಬರೆಯಬಹುದು. 2021ರಲ್ಲಿ ಕೇಂದ್ರ ಸರ್ಕಾರ 13 ಪ್ರಾದೇಶಿಕ ಭಾಷೆಗಳಿಗೆ ಒಪ್ಪಿಗೆ ಕೊಟ್ಟಿತು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೂ ಕನ್ನಡ ಇದೆ. ಕೆಲವು ಬ್ಯಾಂಕುಗಳು ಸ್ಥಳೀಯ ಭಾಷೆ ಬರೋರನ್ನೇ ‘ಲೋಕಲ್ ಬ್ಯಾಂಕ್ ಆಫೀಸರ್’ ಅಂತ ತಗೊಳ್ತಿವೆ. ಯೂನಿಯನ್ ಬ್ಯಾಂಕೇ 2024ರಲ್ಲಿ ಅಂಥ 1,500 ಹುದ್ದೆಗೆ ಅರ್ಜಿ ಕರೆದಿತ್ತು. ಅದರಲ್ಲಿ ಕರ್ನಾಟಕಕ್ಕೂ ಪಾಲಿತ್ತು. ಊರು ಬಿಡೋ ಭಯ ಇರೋರಿಗೆ ಇದೊಂದು ಬಾಗಿಲು.

ಈಗಾಗಲೇ ಸೇರಿರೋ ಅಕ್ಕಂದಿರಿಗೆ ನನ್ನ ಮಾತು ಒಂದೇ. ಪೋಸ್ಟಿಂಗ್ ಕೇಳುವಾಗ ಊರಿನ ಹೆಸರಷ್ಟೇ ಕೇಳ್ಬೇಡಿ, ಮೇಜನ್ನೂ ಕೇಳಿ. ಮನೆ ಹತ್ರ ಹಾಕಿದ್ರೆ ಸಾಲದ ವಿಭಾಗ ಕೊಡಿ ಅನ್ನಿ. ಬೆಳೆ ಸಾಲದ ತಪಾಸಣೆಗೆ ಹೊಲಕ್ಕೆ ನೀವೇ ಹೋಗಿ. ಹಳ್ಳಿ ಶಾಖೆಯ ಕಡ್ಡಾಯ ವರ್ಷಗಳು ಹೇಗೂ ಮುಗಿಸಲೇಬೇಕು ಅಂತಿದ್ರೆ, ಮಕ್ಕಳು ದೊಡ್ಡ ಕ್ಲಾಸಿಗೆ ಬರೋ ಮೊದಲೇ ಮುಗಿಸಿ ಅಂತ ಬ್ಯಾಂಕಿನ ಹಿರಿಯರು ಹೇಳ್ತಾರೆ. ಅದರಲ್ಲಿ ಅರ್ಥ ಇದೆ.

ಮನೆಯ ಗಂಡಸರಿಗೂ ಒಂದು ಮಾತು, ಅಣ್ಣ ತಮ್ಮಂದಿರು ಕೇಳ್ತಿದ್ದೀರಿ ಅಂತ ಗೊತ್ತು. ಬ್ಯಾಂಕು ನಿಯಮ ಬದಲಾಯಿಸೋಕೆ ಸಮಯ ಹಿಡಿಯುತ್ತೆ. ಮನೆಯ ಹಜಾರದ ಪಂಚಾಯ್ತಿ ಬದಲಾಯಿಸೋಕೆ ಯಾರ ಆದೇಶವೂ ಬೇಡ. ನಿಮ್ಮ ಹೆಂಡ್ತಿಗೋ, ಅಕ್ಕನಿಗೋ, ಅತ್ತಿಗೆಗೋ ಬಡ್ತಿ ಪತ್ರ ಬಂದ ದಿನ ‘ಹೋಗ್ತೀಯಾ?’ ಅನ್ನೋ ಬದಲು ‘ಮೂರು ವರ್ಷ ಇಲ್ಲಿ ಯಾರ್ಯಾರು ಏನೇನು ನೋಡ್ಕೋಬೇಕು?’ ಅಂತ ಮಾತು ಶುರು ಮಾಡಿ. ಅಡುಗೆ ಯಾರು, ಅಜ್ಜಿಯ ಮಾತ್ರೆ ಯಾರು, ಶಾಲೆಯ ಮೀಟಿಂಗಿಗೆ ಯಾರು ಅಂತ ಹಾಳೆ ಮೇಲೆ ಬರೆದುಕೊಳ್ಳಿ. ಕಷ್ಟ ಇದ್ದೇ ಇರುತ್ತೆ. ಆದರೆ ಹಂಚಿಕೊಂಡ ಕಷ್ಟಕ್ಕೆ ಒಂದು ಲೆಕ್ಕ ಸಿಗುತ್ತೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಬ್ಯಾಂಕ್ ಕೆಲಸದಲ್ಲಿರೋ ಹೆಣ್ಮಕ್ಕಳಿದ್ರೆ ಈ ಸಂಚಿಕೆ ಅವರಿಗೊಂದು ಕಳಿಸಿ. ಅವರ ಮನೆಯೋರಿಗೂ ಒಂದು ಕಳಿಸಿ, ಕೇಳಬೇಕಾದೋರು ಅವರೇ ಜಾಸ್ತಿ.